ಕಾಯುವುದು

ಬೆಳಗಿನ ಜಾವ ನಾಲ್ಕು ಹತ್ತು, ಕೆಸರೆ ಮೂರನೇ ಹಂತ.
ಏರ್‌ಪೋರ್ಟಿಗೆ ಬಿಟ್ಟು ಖಾಲಿ ಬಂದಿದ್ದೇನೆ.
ಮನೆ ಮುಂದೆ ನಿಂತರೂ ಕೀಲಿ ತಿರುಗಿಸಿಲ್ಲ,
ಡೀಸೆಲ್ ಇಂಜಿನ್ನು ಗುಡುಗುಡು ಅಂತಲೇ ಇದೆ.
ಎದುರು ಮನೆ ಕಿಟಕಿ ದಡಾರನೆ ತೆರೆಯಿತು:
"ಆರಿಸ್ಲಾ ಚೆಲ್ವ! ಬೀದಿಗೆಲ್ಲ ಹೊಗೆ ಹಾಕ್ತಿದ್ದೀಯಲ್ಲ,
ಸೊಳ್ಳೆ ಓಡ್ಸೋಕೆ ಬಂದ ಕಾರ್ಪೊರೇಷನ್‌ನೋನಾ ನೀನು?"

ಒಂದೇ ನಿಮಿಷ ಗೌರಮ್ಮಾರೆ, ಅಂದೆ.

ಮಾರನೆಯ ದಿನ ಬಾನೆಟ್ ಎತ್ತಿ ತೋರಿಸಿದೆ.
ಬಸವನಹುಳದ ಹಾಗೆ ಸುರುಳಿ ಸುತ್ತಿದೆಯಲ್ಲ,
ಇದರೊಳಗೆ ಅಂಗೈಗಿಂತ ಚಿಕ್ಕದೊಂದು ಚಕ್ರ,
ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷ ಸುತ್ತು, ಅದಕ್ಕೂ ಮೇಲೆ.
ಕೂತಿರೋದು ಕಬ್ಬಿಣದ ಮೇಲಲ್ಲ,
ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಮೇಲೆ.
ಓಡಿ ಬಂದ ಬಿಸಿಯಲ್ಲೇ ಆರಿಸಿದರೆ
ಎಣ್ಣೆ ನಿಲ್ಲುತ್ತೆ, ಚಕ್ರ ನಿಲ್ಲಲ್ಲ.
ನಿಂತ ಎಣ್ಣೆ ಸೀದು ಬಾಣಲೆ ತಳದ ಹಾಗೆ ಕರಿ ಕಟ್ಟುತ್ತೆ.

ಮಂಡಿ ಮೊಹಲ್ಲಾದ ಅಮೀರ್ ಜಾನ್ ಕಲಿಸಿದ್ದು ಇದು.
ಅವರಪ್ಪ ಟಾಂಗಾ ಹೊಡೆಯುತ್ತಿದ್ದವರು,
ಓಡಿ ಬಂದ ಕುದುರೆಗೆ ನೀರಿನ ತೊಟ್ಟಿ ತೋರಿಸುವ ಮುಂಚೆ
ಲಗಾಮು ಹಿಡಿದು ನಾಲ್ಕು ಸುತ್ತು ನಡೆಸುತ್ತಿದ್ದರಂತೆ.

ಪುಟ್ಟಗೌರಮ್ಮ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು.
ರೇಷ್ಮೆ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ,
ಎಡಗಿವಿ ಅಲ್ಲೇ ಬಿಟ್ಟು ಬಂದವರು.
"ಹಂಗನ್ನು ಮತ್ತೆ. ಮಗ್ಗಾನೂ ಅಷ್ಟೆಯಾ.
ಬೆಲ್ ಹೊಡೀತು ಅಂತ ಎಲ್ಲಂದ್ರಲ್ಲಿ ನಿಲ್ಸಂಗಿಲ್ಲ,
ಲಾಳಿ ಗೂಡು ಸೇರ್ಬೇಕು. ಇಲ್ದಿದ್ರೆ ಎಳೆ ಎಲ್ಲಾ ಹರಿದೋಯ್ತವೆ."

ಅಂದಿನಿಂದ ಬೀದಿ ಕಾಯುವ ಕೆಲಸ ಅವರದು.
ನಿದ್ದೆಗಣ್ಣಲ್ಲಿ ನಾನು ಬೇಗ ಆರಿಸಿದರೆ
ಕಿಟಕಿಯಿಂದ, "ನಲವತ್ತೇ ಆಯ್ತು ಕಣ್ಲಾ!"
ಹೊರಡುವಾಗಲೂ ಅಷ್ಟೆ, ರಂಗೋಲಿ ಡಬ್ಬ ಹಿಡಿದು,
"ಮೆಲ್ಲಗೆ ಓಗು, ಎಣ್ಣೆ ಇನ್ನಾ ಎದ್ದಿಲ್ಲ."
ಮೀಟರಿನ ಮುಳ್ಳು ಏಳುವುದು ನೀರು ಬಿಸಿಯಾದದ್ದಕ್ಕೆ,
ಎಣ್ಣೆ ಹಿಂದಿನಿಂದ ಬರುವ ಸೋಮಾರಿ.
ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೆ ಕಾಲು ಹಗುರ.
ಗಾಡಿ ಹಳೇದಾ, ಕೇಳುತ್ತಾರೆ ಪ್ಯಾಸೆಂಜರು.
ಹಳೇದಾಗದೆ ಇರಲಿ ಅಂತಲೇ ಸಾರ್.

ಪುಷ್ಯದ ಚಳಿ, ರಾತ್ರಿ ಒಂದೂವರೆ.
ಅವರ ಸೊಸೆ ಬಂದು ಬಾಗಿಲು ಬಡಿದಳು.
ಹಿಂದಿನ ಸೀಟಿನಲ್ಲಿ ಪುಟ್ಟಗೌರಮ್ಮ,
ಬೆವರಿ ತೊಪ್ಪೆ, ಎದೆಯ ಮೇಲೆ ಎರಡೂ ಕೈ.
ನಾಲಿಗೆ ಹೊರಳದಿದ್ದರೂ ಹೇಳಿದರು:
"ಕಾಯ್ಲಿ... ಮೊದ್ಲು."

ನಾನು ಕಾಯಲಿಲ್ಲ.
ಎರಡು ಸಾವಿರ ದಾಟಬಾರದ ಮುಳ್ಳು
ನಾಲ್ಕರ ಹತ್ತಿರ ನಡುಗುತ್ತಿತ್ತು.
ಜೇನಿನ ಹಾಗೆ ಗಟ್ಟಿಯಾದ ಎಣ್ಣೆ ಚಕ್ರ ಮುಟ್ಟುವುದರೊಳಗೆ
ಹೈವೇ ಸರ್ಕಲ್, ಆರ್‌ಎಂಸಿ, ಆಯುರ್ವೇದ ಆಸ್ಪತ್ರೆ ತಿರುವು,
ಯಾವ ಸಿಗ್ನಲ್ಲು ಯಾವ ಬಣ್ಣವಿತ್ತೋ ಗೊತ್ತಿಲ್ಲ.
ದೊಡ್ಡಾಸ್ಪತ್ರೆ ಬಾಗಿಲಲ್ಲಿ ಕೆಂಡದಂಥ ಇಂಜಿನ್ನು
ಹಾಗೇ ಆರಿಸಿ, ಅವರನ್ನೆತ್ತಿಕೊಂಡು ಓಡಿದೆ.

ಹದಿನೆಂಟು ದಿನಕ್ಕೆ ಮನೆಗೆ ಬಂದರು.
ಎದ್ದ ಕೂಡಲೇ ನಡೆಯಬೇಡಿ, ಮಂಚದ ಅಂಚಲ್ಲಿ
ಎರಡು ನಿಮಿಷ ಕೂತಿರಿ ಅಂದಿದ್ದಾರಂತೆ ಡಾಕ್ಟರು.
"ನಂಗೂ ಅದ್ನೇ ಕೂರ್ಸವ್ರಾ ಒಳಗೆ, ಬಸವನುಳ?"

ಗಾಡಿಗೆ ಮಾತ್ರ ಆವತ್ತಿನಿಂದ ಒಂದು ಸಿಳ್ಳೆ.
ಅಮೀರ್ ಜಾನ್ ಬಾನೆಟ್ಟಿಗೆ ಕಿವಿಕೊಟ್ಟು ಕೇಳಿದರು:
ಬೇರಿಂಗ್ ತಿಂದಿದೆ, ಮೂವತ್ತು ಸಾವಿರದ ಮಾತು.
ಇಷ್ಟು ಹೇಳಿಕೊಟ್ಟೂ, ಏನು ಮಾಡಿದೆ ಇದಕ್ಕೆ?
ಬೈಗುಳವನ್ನು ಪೂರ್ತಿ ತಿಂದು ಬಂದೆ.

ನಿನ್ನೆ ರಾತ್ರಿ ಕಿಟಕಿ ಮತ್ತೆ ತೆರೆಯಿತು.
"ಅದೇನ್ಲಾ ಚೆಲ್ವ, ಸಣ್ಣಗೆ ಕುಯ್ ಅಂತದೆ?"
ಎಡಗಿವಿ ಆಸ್ಪತ್ರೆಯಲ್ಲಿ ವಾಪಸ್ ಕೊಟ್ಟರಾ ಗೌರಮ್ಮಾರೆ, ಅಂದೆ.
ಅವರು ನಗಲಿಲ್ಲ, ಬಾಗಿಲೂ ಹಾಕಲಿಲ್ಲ.
ಎಣಿಸುತ್ತಿದ್ದರು, ಸರಳಿಗೆ ಬೆರಳು ಬಡಿಯುತ್ತ,
ಐವತ್ತಾರು,
ಐವತ್ತೇಳು.