ಇಪ್ಪತ್ತೆಂಟು ದಿನದ ತಿಂಗಳು

ಪೆನ್ಷನ್ ಮೊಹಲ್ಲಾದ ಮೂರನೇ ತಿರುವಿನಲ್ಲಿ ನನ್ನ ಹೊಲಿಗೆ ಮಿಷಿನ್ನು,
ಎದುರಿಗೆ ಶಫೀವುಲ್ಲಾನ ರೀಚಾರ್ಜ್ ಅಂಗಡಿ.
ಗಾಜಿನ ಮೇಲೆ ಒಂದರ ಮೇಲೊಂದು ಅಂಟಿಸಿದ ದರದ ಚೀಟಿ.
ಉಗುರಲ್ಲಿ ಕೆರೆದರೆ
ನೂರ ತೊಂಬತ್ತೊಂಬತ್ತರ ಕೆಳಗೆ ನೂರ ಎಪ್ಪತ್ತೊಂಬತ್ತು,
ಅದರ ಕೆಳಗೆ ನೂರ ನಲವತ್ತೊಂಬತ್ತು,
ತೀರಾ ಅಡಿಯಲ್ಲಿ, ಅರ್ಧ ಹರಿದು, ಒಂದು ತೊಂಬತ್ತೆಂಟು.
ವರ್ಷಕ್ಕೊಂದು ಕೋಟು ಹೊಡೆದ ಸುಣ್ಣದ ಗೋಡೆ.

ಬೆಲೆ ಏರುತ್ತದೆ, ಗೊತ್ತು.
ದಾರದ ಉಂಡೆ ಏರಿದೆ, ಲೈನಿಂಗ್ ಬಟ್ಟೆ ಏರಿದೆ,
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಏರುತ್ತದೆ,
ಆದರೆ ಸಂಜೆ ಹೊತ್ತಿಗೆ ಬಾಡಿ, ನಾಚಿ, ಇಳಿಯುವುದೂ ಉಂಟು.

ನನಗೆ ಬೆಲೆಗಿಂತ ಹೆಚ್ಚು ಉರಿದದ್ದು ತಿಂಗಳು.
ಬಾಡಿಗೆಗೆ ಮೂವತ್ತು, ಹಾಲಿಗೆ ಮೂವತ್ತು,
ಚೀಟಿ ನಡೆಸುವ ಪುಟ್ಟಲಕ್ಷ್ಮಮ್ಮನಿಗೆ ಮೂವತ್ತೊಂದಾದರೂ ಸರಿಯೇ,
ಫೋನಿಗೆ ಮಾತ್ರ ಇಪ್ಪತ್ತೆಂಟು.
ಯಾವ ಪಂಚಾಂಗ ಇದು, ಗುಣಿಸಿದವರು ಯಾರು?
ಅಧಿಕಮಾಸ ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು,
ಅಳಿಯನಿಗೆ ಮೂವತ್ತಮೂರು ಅಪ್ಪ ಕೊಟ್ಟು ಕೈತೊಳೆಯುತ್ತಿದ್ದೆವು.
ಇವರಿಗೆ ವರ್ಷ ವರ್ಷವೂ ಹದಿಮೂರನೇ ತಿಂಗಳು,
ಅಳಿಯನೂ ಇವರೇ.

ಕತ್ತರಿ ಹಿಡಿದವಳಿಗೆ ಕತ್ತರಿಸಿದ್ದು ಕಾಣದೇ?
ನನ್ನ ಟೇಪಿನ ಮೊದಲ ಇಂಚು ಸವೆದು ಅಳಿಸಿಹೋಗಿದೆ,
ಒಂದರಿಂದ ಹಿಡಿದು ಅಳೆದು ಕೊನೆಗೆ ಒಂದು ಕಳೆಯುತ್ತೇನೆ.
ಮೀಟರಿಗೆ ನಾಲ್ಕು ಬೆರಳು ಕಮ್ಮಿ ಮಾಡಿ
ಇದೂ ಮೀಟರೇ ಅಂದರೆ
ರವಿಕೆ ಮುಖಕ್ಕೆ ಎಸೆದು ಹೋದಾರು.
ಹೊಲಿಗೆಗೆ ಇಪ್ಪತ್ತು ರೂಪಾಯಿ ಏರಿಸಿದ ವರ್ಷ
ಒಬ್ಬೊಬ್ಬರಿಗೂ ನಿಂತು ಲೆಕ್ಕ ಒಪ್ಪಿಸಿದ್ದೆ:
ಹುಕ್ಕಿಗೆ ಇಷ್ಟು, ಕರೆಂಟಿಗೆ ಇಷ್ಟು, ನನ್ನ ಕಣ್ಣಿಗೆ ಇಷ್ಟು.
ನಂಜಮಣಿ ಮೇಡಂ ಕಣ್ಣಿನ ಬಾಬತ್ತು ಹೊಡೆದು ಹಾಕಿ
ಹತ್ತಕ್ಕೆ ಇಳಿಸಿಯೇ ಎದ್ದರು.

ಕಂಪನಿಗೆ ಫೋನು ಮಾಡಿದೆ. ಕನ್ನಡಕ್ಕೆ ನಾಲ್ಕು ಒತ್ತಿದೆ.
‘ನಿಮ್ಮ ಕರೆ ನಮಗೆ ಅಮೂಲ್ಯ’ ಅಂದಿತು ಒಂದು ಜೇನುದನಿ.
ಬೆಲೆ ಕೇಳಲೆಂದೇ ಮಾಡಿದ ಕರೆ, ತಾಯಿ,
ಅದಕ್ಕೆ ಬೆಲೆಯೇ ಇಲ್ಲವಂತೆ.
ಹನ್ನೊಂದು ನಿಮಿಷ ಪೀಪಿ ಊದಿತು.
ಅಷ್ಟರಲ್ಲಿ ನಾಲ್ಕು ಕಾಜಾ ಮುಗಿಸಿದೆ.

ಮೊದಲೆಲ್ಲ ದುಡ್ಡಿಲ್ಲದ ಮಾತೂ ಇತ್ತು.
ದುದ್ದದಿಂದ ತಂಗಿ ಗಿರಿಜಾಂಬ
ಒಂದು ಮಿಸ್ಡ್ ಕಾಲ್ ಕೊಟ್ಟರೆ ಬಸ್ಸು ಹತ್ತಿದೆ,
ಎರಡು ಕೊಟ್ಟರೆ ಬಸ್ಸು ಸಿಗಲಿಲ್ಲ, ಅನ್ನಕ್ಕಿಡಬೇಡ,
ಮೂರು ಕೊಟ್ಟರೆ ಮನೆಯಲ್ಲಿ ಜಗಳ.
ಈಗ ರಿಂಗಾಗುವುದಕ್ಕೂ ದುಡ್ಡು ಕಟ್ಟಿರಬೇಕು.
ನನ್ನ ಕದ ಯಾರೋ ತಟ್ಟಲಿ ಅಂದರೆ
ನಾನು ಕಟ್ಟಬೇಕು ಸುಂಕ.

ಹಠ ಹಿಡಿದು ನಾಲ್ಕು ದಿನ ಹಾಕಿಸಲಿಲ್ಲ.
ಮೊದಲ ದಿನ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ.
ಮೂರನೇ ದಿನ ಸಾಲಗಾಮೆ ರಸ್ತೆಯ ಮದುವೆ ಹುಡುಗಿ
‘ಆಂಟಿ, ಹನ್ನೆರಡು ಸಲ ಮಾಡಿದೆ’ ಅಂತ
ಐದು ರವಿಕೆ ಬೇರೆಯವರಿಗೆ ಕೊಟ್ಟಳು.
ನಾಲ್ಕನೇ ದಿನ ಗಿರಿಜಾಂಬ ಬಸ್ಸಿಳಿದು ಓಡೋಡಿ ಬಂದಳು,
ನಾನು ಸತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಬೈದಳು.
ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಬಿಟ್ಟಿ.
ಬರುವುದಕ್ಕೆ ಕಾಸಿಲ್ಲ,
ಬರುತ್ತೇನೆ ಅನ್ನುವುದಕ್ಕೆ ನೂರ ತೊಂಬತ್ತೊಂಬತ್ತು.

ರಸ್ತೆ ದಾಟಿ ಹೋದೆ.
‘ಮೊದಲು ಬೈದುಬಿಡಿ ಅಕ್ಕ, ಆಮೇಲೆ ದುಡ್ಡು ಕೊಡಿ,
ಬೆಳಗಿನಿಂದ ಎಲ್ಲರದ್ದೂ ಅದೇ ಕ್ರಮ’ ಅಂದ ಶಫೀವುಲ್ಲಾ.
ಅವನಿಗೆ ಉಳಿಯುವುದು ಮೂರು ಮತ್ತೊಂದಷ್ಟು ಪೈಸೆ.
ಬಾಯಿ ತೆರೆದೆ. ಅವನ ಅಂಗಿಯ ಕಾಲರು
ನೂಲು ನೂಲಾಗಿ ಸವೆದಿತ್ತು.
‘ನಾಳೆ ತಾ, ಮಗುಚಿ ಹೊಲಿದು ಕೊಡುತ್ತೇನೆ’ ಅಂದೆ,
‘ಹಳೇ ರೇಟು.’

ವಾಪಸು ಬಂದು
ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟು ಮನೆ ಎಣಿಸಿ
ಮಾರ್ಕಿಂಗ್ ಚಾಕಿನಿಂದ ಗೆರೆ ಎಳೆದೆ,
ಬಟ್ಟೆಗೆ ಎಳೆಯುತ್ತೇನಲ್ಲ, ಕತ್ತರಿ ಆಡಿಸುವ ಮುಂಚೆ,
ಹಾಗೆ.