ಇನ್ನೂರ ಹನ್ನೆರಡನೆಯವಳು

ಪೀಣ್ಯದಲ್ಲಿ ಮೆಟ್ರೋ ಹತ್ತಿದಾಗಿನಿಂದ
ಹೆಬ್ಬೆರಳು ಉಜ್ಜುತ್ತಲೇ ಇದೆ:
ಬಾಯಿ ತೆರೆದ ಮುಖಗಳು, ಕೆಂಪು ಬಾಣಗಳು,
‘ಕೊನೆಗೆ ಆಗಿದ್ದೇನು ಗೊತ್ತಾ?’
ಗೊತ್ತು. ಏನೂ ಆಗುವುದಿಲ್ಲ.

ಯಶವಂತಪುರ ದಾಟುವಾಗ
ಎರಡು ಕೈ ಸಿಕ್ಕಿದವು.
ಮುಖವಿಲ್ಲ. ಉಗುರಲ್ಲಿ ಗ್ರೀಸು.
ಕಾಮಾಕ್ಷಿಪಾಳ್ಯದ ಯಾವುದೋ ಶೆಡ್ಡಿನಲ್ಲಿ
ಮಿಕ್ಸಿಯ ಹೊಟ್ಟೆ ಬಿಚ್ಚಿ
ಒಂದೊಂದೇ ಸ್ಕ್ರೂ ಡಬ್ಬಿ ಮುಚ್ಚಳಕ್ಕೆ ಹಾಕುತ್ತ,
ಹಿಂದಿನಿಂದ ಯಾರೋ ‘ಟೀ ಆರ್ತದೆ, ಸಿದ್ದಪ್ಪಾಜಿ’ ಎಂದರೆ
‘ಆರ್ಲಿ ಬಿಡಮ್ಮ’ ಎನ್ನುತ್ತ.

ಹದಿನಾಲ್ಕು ನಿಮಿಷ.
ಕೊನೆಗೆ ಆರ್ಮೇಚರನ್ನು ಬೆಳಕಿಗೆ ಹಿಡಿದು
‘ಸುಟ್ಟೋಗಿದೆ. ಇದು ನನ್ ಕೈಲಾಗಲ್ಲ,
ಹೊಸದೇ ತಗೊಳ್ಳಿ’ ಅಂದ.

ನೋಡಿದವರು ಇನ್ನೂರ ಹನ್ನೊಂದು ಜನ.
ನಮ್ಮನೆ ಮಿಕ್ಸಿ ಚೆನ್ನಾಗಿಯೇ ಇದೆ.
ಆದರೂ ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಾದವಳು
ಚಿಕ್ಕಪೇಟೆಯಲ್ಲಿ ಇಳಿದೆ.