ತಾರೀಖು ಕಾಣುವ ಹಾಗೆ

ಅರಸೀಕೆರೆಯಿಂದ ಹಾಸನಕ್ಕೆ ಕೊನೆಯ ಬಸ್ಸು.
ಒಂಬತ್ತೂ ಹತ್ತಕ್ಕೆ ಬಿಡಬೇಕು,
ಇಪ್ಪತ್ತಾದರೂ ಡ್ರೈವರ್ ಮಂಜೇಗೌಡರ ಟೀ ಮುಗಿದಿರುವುದಿಲ್ಲ.
ಚೀಲ ಹೆಗಲಿಗೇರಿಸಿ ತಲೆ ಎಣಿಸುತ್ತೇನೆ: ಹದಿನೇಳು.
ಹದಿನೆಂಟನೆಯವಳು ಅವಳು,
ಹಿಂದಿನ ಚಕ್ರದ ಮೇಲಿನ ಸೀಟು,
ಯಾರಿಗೂ ಬೇಡದ ಸೀಟು.

ಎಲ್ಲಿಗವ್ವ, ಅಂತ ಮೊದಲ ದಿನ ಕೇಳಿದ್ದೆ.
‘ಇದು ಎಲ್ಲಿಗೋಯ್ತದೋ ಅಲ್ಲಿಗೆ.’
ಆಧಾರ್ ತೋರಿಸಿದಳು. ಲ್ಯಾಮಿನೇಷನ್ನಿನೊಳಗೆ ನೀರು ಹೋಗಿ
ಅರ್ಧ ಮುಖ ಮಾಸಿತ್ತು, ವಿಳಾಸ ಮಾತ್ರ ಸ್ಪಷ್ಟ:
ಇಂದ್ರಾಣಿ, ಕೋಂ ಚಂದ್ರಪ್ಪ,
ಕಲ್ಲುಕಟ್ಟೆ ಗೇಟ್, ದುದ್ದ ಹೋಬಳಿ.

ಕಲ್ಲುಕಟ್ಟೆ ಗೇಟ್ ದಿನಾ ಬರುತ್ತದೆ.
ಬಂದಾಗ ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಾಳೆ.
ಕಿತ್ತೇ ಇಲ್ಲದ ಉಂಗುಷ್ಠ.
ನಾನು ಎರಡು ಸೀಟಿ ಊದುತ್ತೇನೆ, ಬೇಗ ಹೋಗಲಿ ಅಂತ.

ಕತೆಯನ್ನು ಒಂದೇ ದಿನ ಹೇಳಲಿಲ್ಲ, ಸ್ಟಾಪಿಗಿಷ್ಟು ಹೇಳಿದಳು.
ಹೊಲಿಗೆ ಮಿಷನ್ನು ಅವಳದೇ ದುಡ್ಡಿನದು,
ಬಿಟ್ಟು ಬಂದದ್ದು ಅದನ್ನು ಹೊತ್ತು ರಾತ್ರಿ ಓಡಲಾಗದೆ.
ಅಣ್ಣನ ಮನೆಯಲ್ಲಿ ಒಂದೂವರೆ ತಿಂಗಳು.
ಅತ್ತಿಗೆ ಕಟ್ಟುವ ಮುದ್ದೆ ವಾರವಾರಕ್ಕೆ ಸಣ್ಣದಾಯಿತಂತೆ.
ಕೊಟ್ಟ ಹೆಣ್ಣು ಕುಲಕ್ಕೆ ಹೊರಗು
ಅಂತ ಅಣ್ಣ ಬಾಯಿಬಿಟ್ಟು ಅನ್ನಲಿಲ್ಲ,
ಪಂಚೆ ಕೊಡವಿ ಎದ್ದ.

ಪೆನ್ಷನ್ ಮೊಹಲ್ಲಾದಲ್ಲಿ ಒಂದು ಕೋಣೆ.
ಯಜಮಾನ್ರು ಎಲ್ಲಿ ಅಂದವರಿಗೆ ದುಬೈ ಅಂದಳು.
ಒಂದು ರಾತ್ರಿ ದುಬೈ ಕುಡಿದು ಬಂದು
ಬಾಗಿಲು ಒದ್ದಿತು.
ಮುರಿದ ಬಾಗಿಲಿಗೆ ಅಡ್ವಾನ್ಸು ಹಿಡಿದುಕೊಂಡು
‘ಮರ್ಯಾದಸ್ತರ ವಠಾರ ಕಣಮ್ಮ’ ಎಂದು
ಅವಳ ಎರಡು ಪಾತ್ರೆ ಹೊರಗಿಟ್ಟರು.
ಆಮೇಲೆ ಛತ್ರದಲ್ಲಿ ಎಂಜಲೆಲೆ ಎತ್ತುವ ಕೆಲಸ.
ಅಲ್ಲಿಗೂ ಬಂದ, ಸರಿಯಾಗಿ ಮುಹೂರ್ತದ ಹೊತ್ತಿಗೆ.
ಕೆಲಸ ಕೊಟ್ಟವರೇ ಕೈ ಮುಗಿದರು.

ಸಾಂತ್ವನ ಕೇಂದ್ರದವರು ಒಳ್ಳೆಯವರು.
ಅವರ ಹಾಸಿಗೆಗೂ ಲೆಕ್ಕವಿದೆ, ದಿನಕ್ಕೂ.
ಸರ್ಕಾರದ ಎರಡು ಸಾವಿರ? ಬರುತ್ತದಂತೆ.
ಮೆಸೇಜು ಬೀಳುವ ಫೋನು ಅವನ ಜೇಬಿನಲ್ಲಿದೆ,
ಪಾಸ್‌ಬುಕ್ಕು ಆ ಮನೆಯ ಟ್ರಂಕಿನಲ್ಲಿ.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತಂಕ ಅಂತಾರಲ್ಲಕ್ಕ,’
ಒಮ್ಮೆ ನಕ್ಕಳು,
‘ನಮ್ಮದು ಅದಕ್ಕೇ ಮುಗೀತಿಲ್ಲ ನೋಡಿ.
ಉಣ್ಣಕ್ಕೂ ಇಲ್ಲ, ಮಲಗಕ್ಕೂ ಇಲ್ಲ.’
ನನಗೆ ನಗು ಬರಲಿಲ್ಲ. ಚಿಲ್ಲರೆ ಎಣಿಸಿದೆ.

ಹಗಲೆಲ್ಲ ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಚಿಪ್ಪು ಬಿಡಿಸುವವಳು
ರಾತ್ರಿ ಹಾಸನಕ್ಕೆ ಯಾಕೆ, ಬೆಳಿಗ್ಗೆ ವಾಪಸ್ಸು ಯಾಕೆ?
ಕೇಳಬಾರದಿತ್ತು, ಕೇಳಿದೆ.
‘ಹಾಸನದ ಸ್ಟ್ಯಾಂಡಲ್ಲಿ ಬೆಳಗಾನ ಲೈಟಿರ್ತದೆ.
ಪೊಲೀಸು ಲಾಠಿ ಕುಟ್ಕೊಂಡು ಬತ್ತಾನೆ.
ಟಿಕೆಟ್ ಇದ್ರೆ ಸುಮ್ಕೆ ಹೋಯ್ತಾನೆ.’
ಒಂದು ಗಳಿಗೆ ಬಿಟ್ಟು,
‘ತಾರೀಖು ಕಾಣಂಗೆ ಹರೀರಿ ಅಕ್ಕ.’

ಮೂರು ತಿಂಗಳಿಂದ ನಾನು ಹರಿದುಕೊಟ್ಟದ್ದು
ಸೊನ್ನೆ ರೂಪಾಯಿಯ ಬಾಡಿಗೆ ಚೀಟಿ.

ನನ್ನದು ಸಂಬಳದ ಕೆಲಸ, ಪಿಂಚಣಿಯೂ ಇದೆ.
ಎಟಿಎಂ ಕಾರ್ಡು ಮನೆಯಲ್ಲಿ ಅವರ ಹತ್ತಿರ ಇರುತ್ತದೆ.
ಇದನ್ನು ಇಲ್ಲಿ ಯಾಕೆ ಬರೆದೆನೋ.

ನಿನ್ನೆ ದಸರಾ ರಜೆ ಶುರು, ಹಾಸ್ಟೆಲ್ಲಿಗೆ ಬೀಗ.
ಅವಳ ಪಕ್ಕ ಮಗಳು ಮೋನಿಷ, ಮಡಿಲಲ್ಲಿ ತಗಡಿನ ಪೆಟ್ಟಿಗೆ.
ಕಿಟಕಿ ಬೇಕು ಅಂತ ಹಟ ಮಾಡಿ ಕೂತಳು.
ಕಲ್ಲುಕಟ್ಟೆ ಗೇಟಿನಲ್ಲಿ ಎದ್ದು ನಿಂತು,
‘ಅಮ್ಮಾ, ನಮ್ಮನೇಲಿ ಲೈಟ್ ಉರೀತೈತೆ!’
ಅಮ್ಮ ಚಪ್ಪಲಿ ಸರಿಮಾಡಿಕೊಂಡಳು.

ಹಾಸನ ಬರುವಾಗ ಎದ್ದು ಬಂದು
ಎರಡೂ ಟಿಕೆಟ್ ಚಾಚಿದಳು.
ಮಿಷನ್ನಿನ ಬ್ಯಾಟರಿ ಇಳಿದು ಅಕ್ಷರ ಎದ್ದಿರಲಿಲ್ಲ.
ಮಂಜೇಗೌಡರು ಹಂಪಿನ ಮೇಲೆ ಹಾರಿಸಿದರು,
ಕಂಬಿಗೆ ಒರಗಿ ಕಾದೆ.
ಆಮೇಲೆ ಬಾಲ್‌ಪೆನ್ನು ತೆಗೆದು
ಮೊದಲು ಮಗಳದು, ಆಮೇಲೆ ಅವಳದು,
ತಾರೀಖಿನ ಮೇಲೆ ತಿದ್ದಿದೆ,
ದಪ್ಪಗೆ,
ಕಾಗದ ತೂತಾಗದ ಹಾಗೆ.